ಬರ ಬಂದಾಗ ಸರ್ಕಾರದ ಲೆಕ್ಕದಿಂದ ನಿಮ್ಮೂರು ಬಿಟ್ಟು ಹೋಗದ ಹಾಗೆ ನೋಡ್ಕೊಳೋದು ಹೇಗೆ

2023ರ ಬರ ಇನ್ನೂ ಯಾರೂ ಮರ್ತಿಲ್ಲ ಅನ್ಕೊಂಡಿದೀನಿ. ಸೆಪ್ಟೆಂಬರ್ 13ಕ್ಕೆ 195 ತಾಲೂಕು ಬರಪೀಡಿತ ಅಂತ ಘೋಷಣೆ ಆಯ್ತು, ಆಮೇಲೆ ಒಂದಷ್ಟು ಸೇರಿ ಸೇರಿ 223 ಆಯ್ತು, ರಾಜ್ಯದ ಲೆಕ್ಕದಲ್ಲಿದ್ದ 236 ತಾಲೂಕಲ್ಲಿ ಉಳಿದಿದ್ದು ಬೆರಳೆಣಿಕೆ. ರಾಜ್ಯ ಸರ್ಕಾರ ಕೇಂದ್ರಕ್ಕೆ 18,171 ಕೋಟಿ ಕೊಡಿ ಅಂತ ಮನವಿ ಕೊಡ್ತು, ತಿಂಗಳುಗಟ್ಲೆ ಕಾದು 2024ರ ಮಾರ್ಚಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು, ಏಪ್ರಿಲ್ ಕೊನೇಲಿ ಸುಮಾರು 3,454 ಕೋಟಿ ಬಂತು. ಈ ಜಗಳ ಪೇಪರಲ್ಲಿ ದಿನಾ ಬರ್ತಿತ್ತು. ಪೇಪರಲ್ಲಿ ಬರದೇ ಇದ್ದಿದ್ದು ಏನಂದ್ರೆ, ಒಂದೇ ಊರಲ್ಲಿ, ಒಂದೇ ಬದುವಿನ ಆಕಡೆ ಈಕಡೆ ಜಮೀನಿರೋ ಇಬ್ಬರಲ್ಲಿ ಒಬ್ಬರ ಅಕೌಂಟಿಗೆ ಪರಿಹಾರ ಬಿತ್ತು, ಇನ್ನೊಬ್ಬರಿಗೆ ಬೀಳ್ಲಿಲ್ಲ. ಇಬ್ರ ಹೊಲದಲ್ಲೂ ಕಡ್ಲೆಕಾಯಿ ಒಣಗಿತ್ತು, ವ್ಯತ್ಯಾಸ ಇದ್ದಿದ್ದು ಕಾಗದದಲ್ಲಿ ಮಾತ್ರ.

ಇದನ್ನ ಬರೀತಿರೋದು ಆ ಕಾಗದ ಹೆಂಗೆ ಸರಿ ಮಾಡ್ಕೊಳೋದು ಅಂತ ಹೇಳೋಕೆ. ನಮ್ಮ ತುಮಕೂರು ಸೀಮೆ ಒಣ ಬೇಸಾಯದ ಲೆಕ್ಕದಲ್ಲಿ ಹೇಳ್ತೀನಿ, ಮಲೆನಾಡಿನೋರಿಗೂ ಕೊನೇಕಡೆ ಒಂದಷ್ಟಿದೆ.

ಮೇಲಿನ ಮಟ್ಟದ್ದು ಬೇಗ ಹೇಳಿ ಮುಗಿಸ್ತೀನಿ. ನಮ್ಮ ದೇಶದಲ್ಲಿ ಹವಾಮಾನ ಬದಲಾವಣೆಗೆ ಅಂತಾನೇ ಒಂದು ಪೂರ್ತಿ ಕಾಯ್ದೆ ಇಲ್ಲ. 2008ರ ಜೂನ್ 30ಕ್ಕೆ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾ ಯೋಜನೆ ಬಿಡುಗಡೆ ಮಾಡ್ತು, ಅದ್ರಲ್ಲಿ ಸೋಲಾರ್, ನೀರು, ಸುಸ್ಥಿರ ಕೃಷಿ, ಹಿಮಾಲಯ ಹಿಂಗೆ ಎಂಟು ಮಿಷನ್. ಅದಾದ್ಮೇಲೆ ಪ್ರತಿ ರಾಜ್ಯಾನೂ ತನ್ನದೊಂದು ಯೋಜನೆ ಮಾಡ್ಬೇಕು ಅಂತ ಆಯ್ತು, ನಮ್ಮಲ್ಲಿ ಅದನ್ನ ನೋಡ್ಕೊಳೋದು ಬೆಂಗಳೂರಲ್ಲಿರೋ ರಾಜ್ಯ ಸರ್ಕಾರದ ಪರಿಸರ ಸಂಶೋಧನಾ ಸಂಸ್ಥೆ ಎಂಪ್ರಿ. 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ 2070ಕ್ಕೆ ನೆಟ್ ಝೀರೋ (ಬಿಡೋ ಹೊಗೆ, ಹೀರ್ಕೊಳ್ಳೋ ಹೊಗೆ ಎರಡೂ ಸಮ) ಅಂದ್ರು, 2022ರ ಆಗಸ್ಟಲ್ಲಿ 2030ರ ಗುರಿ ಪರಿಷ್ಕರಿಸಿ ವಿಶ್ವಸಂಸ್ಥೆಗೆ ಕೊಟ್ರು, ಜಿಡಿಪಿಯ ಪ್ರತಿ ರೂಪಾಯಿಗೆ ಎಷ್ಟು ಹೊಗೆ ಬಿಡ್ತೀವೋ ಅದನ್ನ 2005ಕ್ಕೆ ಹೋಲಿಸಿದ್ರೆ ಶೇ 45 ಕಮ್ಮಿ ಮಾಡ್ತೀವಿ, ಕರೆಂಟ್ ಉತ್ಪಾದನಾ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು ಗ್ಯಾಸ್ ಬಿಟ್ಟು ಬೇರೆ ಮೂಲದಿಂದ ಇರುತ್ತೆ ಅಂತ. ಇದೆಲ್ಲ ಗೊತ್ತಿರ್ಬೇಕು, ಬೇಡ ಅನ್ನಲ್ಲ. ಆದ್ರೆ ಅಲ್ಲಿ ನಮ್ಮಂಥೋರು ಕೈ ಹಾಕೋಕೆ ಜಾಗ ಇಲ್ಲ. ಬರ ನೆರೆ ಬಂದಾಗ ದುಡ್ಡು ಯಾರಿಗೆ ಹೋಗುತ್ತೆ, ಕೆರೆ ಯಾವುದು ರಿಪೇರಿ ಆಗುತ್ತೆ ಅನ್ನೋದು ತೀರ್ಮಾನ ಆಗೋದು ಪಂಚಾಯ್ತಿ ಮಳೆ ಮಾಪಕದ ನಂಬರು, ಬೆಳೆ ಸಮೀಕ್ಷೆ ಫೋಟೋ, ಬೆಳೆ ಕಟಾವು ಪ್ರಯೋಗದ ತೂಕ, ಗ್ರಾಮ ಸಭೆ ನಡಾವಳಿ ಇಂಥವುಗಳ ಮೇಲೆ. ಇವು ನಾಲ್ಕೂ ನಿಮ್ಮೂರಲ್ಲೇ ಹುಟ್ಟೋ ದಾಖಲೆಗಳು. ಅಲ್ಲಿ ತಪ್ಪಾದ್ರೆ ದೆಹಲಿ ತನಕ ಆ ತಪ್ಪೇ ಹೋಗುತ್ತೆ.

ಮೊದ್ಲು ಪಂಚಾಯ್ತಿ ಮಳೆ ಮಾಪಕ ನೋಡ್ಕೊಂಡು ಬನ್ನಿ

ಕೆಎಸ್‌ಎನ್‌ಡಿಎಂಸಿ ಅಂತ ಕೇಳಿರ್ತೀರ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, 1988ರಲ್ಲಿ ಬರ ನೋಡ್ಕೊಳೋಕೆ ಅಂತ ಶುರುವಾಗಿದ್ದು. ಬೇರೆ ಎಷ್ಟೋ ರಾಜ್ಯಗಳಲ್ಲಿ ಇಲ್ಲದ ಒಂದು ಒಳ್ಳೆ ವ್ಯವಸ್ಥೆ ಇವರು ಮಾಡಿದಾರೆ, ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪಕ ಹಾಕಿ ಅದು ತಾನಾಗೇ ಮಳೆ ಲೆಕ್ಕ ಕಳ್ಸೋ ಹಾಗೆ ಮಾಡಿದಾರೆ. ಸಾಮಾನ್ಯವಾಗಿ ಪಂಚಾಯ್ತಿ ಆಫೀಸ್ ಕಾಂಪೌಂಡಲ್ಲೋ ಸ್ಕೂಲ್ ಹತ್ರಾನೋ ಇರುತ್ತೆ, ಮೇಲೆ ಬಾಯಿ ಅಗಲ ಇರೋ ಆಲಿಕೆ, ಪಕ್ಕದಲ್ಲಿ ಚಿಕ್ಕ ಸೋಲಾರ್ ಪ್ಯಾನೆಲ್, ಸಿಮ್ ಇರೋ ಒಂದು ಡಬ್ಬ. ಆಲಿಕೆ ಒಳಗೆ ತಕ್ಕಡಿ ಥರ ಎರಡು ಪುಟ್ಟ ಬಟ್ಟಲು ಇರುತ್ತೆ, ಒಂದು ತುಂಬಿದ ತಕ್ಷಣ ವಾಲಿ ನೀರು ಚೆಲ್ಲುತ್ತೆ ಇನ್ನೊಂದು ಮೇಲೆ ಬರುತ್ತೆ, ಎಷ್ಟು ಸಲ ವಾಲಿತು ಅನ್ನೋದೇ ಮಳೆ ಲೆಕ್ಕ.

ಅಲ್ಲಿ ನಿಂತು ನೋಡ್ಬೇಕಾಗಿರೋದು ಇಷ್ಟು. ಮೇಲೆ ಬೇವಿನ ಮರದ ಕೊಂಬೆ ಚಾಚ್ಕೊಂಡಿದ್ಯಾ, ಪಕ್ಕದಲ್ಲಿ ಹೊಸದಾಗಿ ಗೋಡೆ ಎದ್ದಿದ್ಯಾ, ಆಲಿಕೇಲಿ ಎಲೆ ಕಸ ಜೇಡರಬಲೆ ಕಟ್ಕೊಂಡಿದ್ಯಾ, ಪ್ಯಾನೆಲ್ ಮೇಲೆ ಹಕ್ಕಿ ಹಿಕ್ಕೆ ಗಟ್ಟಿಯಾಗಿ ಕೂತಿದ್ಯಾ. ಮರದಡಿ ಇರೋ ಮಾಪಕ ಬಿದ್ದಿದ್ದಕ್ಕಿಂತ ಕಮ್ಮಿ ತೋರ್ಸುತ್ತೆ, ಆಲಿಕೆ ಕಟ್ಕೊಂಡಿದ್ರೆ ಜೋರು ಮಳೆ ದಿನಾನೂ ಸೊನ್ನೆ ಬರ್ಬೋದು ಇಲ್ಲಾ ಮೂರು ದಿನ ನಿಧಾನಕ್ಕೆ ಸೋರಿ ಮಳೆನೇ ಇಲ್ಲದ ದಿನ ಮಳೆ ಬಂತು ಅಂತ ಬರ್ಬೋದು. ಇದು ಸಣ್ಣ ವಿಷಯ ಅಲ್ಲ. ಬರದ ಮೊದಲ ಲೆಕ್ಕ ಶುರುವಾಗೋದೇ ಮಳೆಯಿಂದ, ಅಡಿಕೆ ಮೆಣಸು ಬೆಳೆಯೋರ ಹವಾಮಾನ ಆಧಾರಿತ ವಿಮೆಯಂತೂ ಪೂರ್ತಿ ಇಂಥ ಮಾಪಕದ ಮೇಲೇ ನಿಂತಿದೆ, ತೋಟಕ್ಕೆ ಬಂದು ಯಾರೂ ನೋಡಲ್ಲ, ಮಾಪಕ ಏನ್ ಹೇಳಿತೋ ಅದೇ. ಮಾಪಕ ಕೆಟ್ಟು ನಿಂತಿದ್ರೆ ಅಕ್ಕಪಕ್ಕದ ಪಂಚಾಯ್ತಿ ಮಾಪಕದ ಲೆಕ್ಕ ತಗೊಳ್ತಾರೆ, ನಿಮ್ಮಲ್ಲಿ ಹನಿ ಬಿದ್ದಿಲ್ಲ ಅಲ್ಲಿ ಹಳ್ಳ ಹರಿದಿದೆ ಅಂದ್ರೂ ಅಲ್ಲಿದೇ ನಿಮ್ಮ ಲೆಕ್ಕ ಆಗುತ್ತೆ.

ಏನಾದ್ರೂ ತೊಂದ್ರೆ ಕಂಡ್ರೆ ನೀವೇ ಮುಟ್ಟೋಕೆ ಹೋಗ್ಬೇಡಿ, ಬಿಚ್ಚಲೇಬೇಡಿ, ನಾಳೆ ನಿಮ್ಮ ಮೇಲೇ ಬರುತ್ತೆ. ತಾರೀಖು ಜಾಗ ಕಾಣೋ ಹಾಗೆ ಫೋಟೋ ತೆಗೀರಿ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅಂದ್ರೆ ಪಿಡಿಒಗೆ ಒಂದು ಅರ್ಜಿ, ತಹಸೀಲ್ದಾರ್ ಕಚೇರಿಗೆ ಒಂದು ಅರ್ಜಿ ಕೊಟ್ಟು ಎರಡಕ್ಕೂ ಸೀಲ್ ಹಾಕಿಸಿ ಸ್ವೀಕೃತಿ ತಗೊಳ್ಳಿ, ಕೆಎಸ್‌ಎನ್‌ಡಿಎಂಸಿಗೂ ಒಂದು ಪ್ರತಿ ಕಳ್ಸಿ. ಇದನ್ನ ಮೇ ತಿಂಗಳಲ್ಲೇ, ಮುಂಗಾರು ಹಿಡಿಯೋ ಮುಂಚೆ ಮಾಡ್ಬೇಕು. ಅಕ್ಟೋಬರಲ್ಲಿ ಹೋಗಿ ಮಾಪಕ ಕೆಟ್ಟಿತ್ತು ಅಂದ್ರೆ ಯಾರೂ ಕೇಳಲ್ಲ. ಅವರದ್ದೇ ವರುಣ ಮಿತ್ರ ಅಂತ ಸಹಾಯವಾಣಿ ಇದೆ, ನಿಮ್ಮ ಕಡೆ ಮಳೆ ಮುನ್ಸೂಚನೆ ಎಲ್ಲಾ ಕೇಳ್ಬೋದು, ಆಗಾಗ ಫೋನ್ ಮಾಡಿ ನಿಮ್ಮ ಹೋಬಳೀಲಿ ಎಷ್ಟು ಮಳೆ ಅಂತ ದಾಖಲಾಗಿದೆ ಅಂತ ವಿಚಾರಿಸ್ತಾ ಇರಿ. ಜೊತೆಗೆ ಅಂಗಡೀಲಿ ಸಿಗೋ ಸಾದಾ ಪ್ಲಾಸ್ಟಿಕ್ ಮಳೆ ಮಾಪಕ ಒಂದು ತಂದು ಬಯಲಲ್ಲಿಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ನೋಟ್‌ಬುಕ್ಕಲ್ಲಿ ಬರೀರಿ, ಅದೇ ಹೊತ್ತಿಗೆ ಸರ್ಕಾರದವ್ರೂ ದಿನದ ಲೆಕ್ಕ ಹಿಡಿಯೋದು. ನಿಮ್ಮ ಪುಸ್ತಕಕ್ಕೆ ಅವರ ಮಾಪಕದಷ್ಟು ಬೆಲೆ ಇಲ್ಲ ನಿಜ, ಆದ್ರೆ ಎರಡಕ್ಕೂ ತುಂಬಾ ವ್ಯತ್ಯಾಸ ಇದ್ದಾಗ ಪರಿಶೀಲನೆ ಮಾಡಿ ಅಂತ ಕೇಳೋಕೆ ಅದೊಂದೇ ಆಧಾರ.

ಎಫ್‌ಐಡಿ, ಪಹಣಿ, ಬೆಳೆ ಸಮೀಕ್ಷೆ

ಪರಿಹಾರ ಸಿಗದೇ ಇರೋಕೆ ನಾನು ನೋಡಿರೋ ಹಾಗೆ ದೊಡ್ಡ ಕಾರಣ ಇಲ್ಲೇ ಇದೆ. ಬೆಳೆ ಪರಿಹಾರದ ದುಡ್ಡು 'ಪರಿಹಾರ' ಅನ್ನೋ ತಂತ್ರಾಂಶದ ಮೂಲಕ, ಫ್ರೂಟ್ಸ್ ಅನ್ನೋ ಸರ್ಕಾರದ ರೈತರ ದಾಖಲೆ ಪೋರ್ಟಲ್‌ನಲ್ಲಿರೋ ನಿಮ್ಮ ವಿವರ ನೋಡಿ, ಆಧಾರ್ ಲಿಂಕ್ ಆಗಿರೋ ಅಕೌಂಟಿಗೆ ನೇರವಾಗಿ ಬರುತ್ತೆ. ಹಂಗಾಗಿ ಎಫ್‌ಐಡಿ, ಅಂದ್ರೆ ಫ್ರೂಟ್ಸ್‌ನಲ್ಲಿ ಕೊಡೋ ರೈತರ ಗುರುತಿನ ನಂಬರ್, ಇರ್ಬೇಕು, ಆ ಎಫ್‌ಐಡಿಗೆ ನಿಮ್ಮ ಎಲ್ಲಾ ಸರ್ವೆ ನಂಬರೂ ಸೇರಿರ್ಬೇಕು. ತುಂಬಾ ಜನಕ್ಕೆ ಒಂದು ಸರ್ವೆ ನಂಬರ್ ಮಾತ್ರ ಸೇರಿರುತ್ತೆ, ಸಾಲ ತಗೊಳ್ಳೋವಾಗ ಯಾರೋ ಮಾಡ್ಸಿರ್ತಾರೆ ಅಷ್ಟೇ, ಉಳಿದ ಜಮೀನು ಲೆಕ್ಕಕ್ಕೇ ಇರಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಪಹಣಿ, ಪಾಸ್‌ಬುಕ್ ತಗೊಂಡು ಹೋದ್ರೆ ಸೇರಿಸ್ಕೊಡ್ತಾರೆ, ಒಂದು ರೂಪಾಯೀನೂ ಖರ್ಚಿಲ್ಲ.

ಪಹಣಿ ತಾತನ ಹೆಸರಲ್ಲೋ ತೀರ್ಕೊಂಡಿರೋ ಅಪ್ಪನ ಹೆಸರಲ್ಲೋ ಇದ್ರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸ್ಕೊಳ್ಳೋವರೆಗೂ ದುಡ್ಡು ನಿಮಗೆ ಬರೋದು ಕಷ್ಟ. ಅಣ್ಣತಮ್ಮಂದ್ರಲ್ಲಿ ಮಾತಿಲ್ಲ, ತಂಗೀರ ಸಹಿ ಬೇಕು, ಹಿಂಗೇ ಎಷ್ಟೋ ಮನೇಲಿ ಇಪ್ಪತ್ತು ಮೂವತ್ತು ವರ್ಷದಿಂದ ನಿಂತಿರುತ್ತೆ. ಬರ ಬಂದ ವರ್ಷ ಇದು ಬಗೆಹರಿಯಲ್ಲ, ಮಳೆ ಚೆನ್ನಾಗಿರೋ ವರ್ಷವೇ ಕೂತು ಮುಗಿಸ್ಕೊಳ್ಳಿ. ಇನ್ನು ಬೇರೆಯವರ ಜಮೀನನ್ನ ಗುತ್ತಿಗೆಗೋ ವಾರಕ್ಕೋ (ಬೆಳೆ ಪಾಲಿಗೆ) ಮಾಡೋರದ್ದು ಬಹಳ ಅನ್ಯಾಯ, ಬೀಜ ಗೊಬ್ಬರ ಬೆವರು ಅವರದ್ದು, ಪರಿಹಾರ ಪಹಣಿಯಲ್ಲಿರೋರಿಗೆ. ಈ ನಿಯಮ ಬದಲಾಗ್ಬೇಕು ಅಂತ ಗ್ರಾಮ ಸಭೆಯಿಂದ ಹಿಡಿದು ಎಮ್ಮೆಲ್ಲೆ ತನಕ ಕೇಳ್ತಾನೇ ಇರ್ಬೇಕು, ಅಲ್ಲೀವರೆಗೂ ಗುತ್ತಿಗೆ ಮಾತಾಡೋವಾಗ್ಲೇ ಬೆಳೆ ಪರಿಹಾರ ಬಂದ್ರೆ ಯಾರಿಗೆ ಅಂತ ನಾಲ್ಕು ಜನರ ಮುಂದೆ ಬರೆಸ್ಕೊಳ್ಳಿ.

ಆಮೇಲೆ ಬೆಳೆ ಸಮೀಕ್ಷೆ. ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಹಂಗಾಮಿಗೂ ನಡೆಯುತ್ತೆ. 2020ರಿಂದ ರೈತ್ರೇ ಆ್ಯಪಲ್ಲಿ ತಮ್ಮ ಹೊಲದ ಫೋಟೋ ತೆಗೆದು ಹಾಕ್ಬೋದು, ಹಾಕದೇ ಇದ್ರೆ ಊರಿನ ಖಾಸಗಿ ನಿವಾಸಿ ಅಂದ್ರೆ ಪಿಆರ್ ಅಂತ ನೇಮಿಸಿರೋರು ಬಂದು ಹಾಕ್ತಾರೆ. ದಯವಿಟ್ಟು ನೀವೇ ಹಾಕಿ, ಇಲ್ಲಾ ಪಿಆರ್ ಬಂದಾಗ ಹೊಲದಲ್ಲಿ ನೀವಿರಿ. ಅವರಿಗೆ ಒಂದೊಂದು ಪ್ಲಾಟಿಗೆ ಸಿಗೋದು ಪುಡಿಗಾಸು, ದಿನಕ್ಕೆ ಎಷ್ಟು ಪ್ಲಾಟ್ ಆದ್ರೆ ಅಷ್ಟು ದುಡ್ಡು, ರಸ್ತೆ ಬದಿ ನಿಂತು ಮುಗಿಸೋರೂ ಇದಾರೆ. ಎರಡು ತಪ್ಪು ಮಾಮೂಲಿ. ಬಿತ್ತನೆ ತಡ ಆಗಿರೋ ಹೊಲನ ಬೆಳೆ ಇಲ್ಲ ಅಂತ ಹಾಕೋದು ಒಂದು. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಹಾಕಿರೋ ಅವರೆ, ತೊಗರಿ, ಸಾಸಿವೆ ಎಲ್ಲಾ ಬಿಟ್ಟು ಬರೀ ರಾಗಿ ಅಂತ ಹಾಕೋದು ಇನ್ನೊಂದು. ಮಿಶ್ರ ಬೆಳೆ ಅಂತ ಹಾಕ್ಸಿ.

ಹಾಕಿದ್ದು ಸರಿ ಇದ್ಯಾ ಅಂತ ನೋಡೋಕೆ ಬೆಳೆ ದರ್ಶಕ ಅಂತ ಇನ್ನೊಂದು ಆ್ಯಪ್ ಇದೆ. ನಿಮ್ಮ ಸರ್ವೆ ನಂಬರ್ ಹಾಕಿದ್ರೆ ಯಾವ ಬೆಳೆ, ಎಷ್ಟು ವಿಸ್ತೀರ್ಣ, ಯಾವ ಫೋಟೋ ಎಲ್ಲಾ ಬರುತ್ತೆ, ತಪ್ಪಿದ್ರೆ ಅಲ್ಲೇ ಆಕ್ಷೇಪಣೆ ಹಾಕ್ಬೋದು. ಆಕ್ಷೇಪಣೆಗೆ ಕೊನೇ ದಿನ ಅಂತ ಇರುತ್ತೆ, ಅದು ಮುಗಿದ್ಮೇಲೆ ಯಾವ ಸಾಹೇಬ್ರ ಹತ್ರ ಹೋದ್ರೂ ಸಿಸ್ಟಮ್ ಲಾಕ್ ಆಗಿದೆ ಅಂತಾರೆ. ಊರಲ್ಲಿ ಸ್ಮಾರ್ಟ್‌ಫೋನ್ ಚೆನ್ನಾಗಿ ಬಳ್ಸೋ ಹುಡುಗ್ರು ಇಬ್ಬರು ಒಂದು ಭಾನುವಾರ ಅರಳಿಕಟ್ಟೆ ಮೇಲೆ ಕೂತು ಎಲ್ಲಾರ ಸರ್ವೆ ನಂಬರೂ ಚೆಕ್ ಮಾಡಿಕೊಟ್ರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ, ವಯಸ್ಸಾದೋರು, ಗಂಡ ತೀರ್ಕೊಂಡು ಒಬ್ಬರೇ ಬೇಸಾಯ ಮಾಡೋ ಹೆಣ್ಮಕ್ಳು ಇವರದ್ದು ಮೊದ್ಲು ನೋಡ್ಬೇಕು.

ಬರ ಅಂತ ಯಾವಾಗ ಹೇಳ್ತಾರೆ

ಮಳೆ ಹೋಯ್ತು ಅಂದ ಮಾತ್ರಕ್ಕೆ ಬರ ಅಲ್ಲ. 2016ರಲ್ಲಿ ಕೇಂದ್ರ ಒಂದು ಬರ ಕೈಪಿಡಿ ಮಾಡಿದೆ, ಎಲ್ಲಾ ರಾಜ್ಯನೂ ಅದರ ಪ್ರಕಾರಾನೇ ಹೋಗ್ಬೇಕು. ಮೊದ್ಲು ಮಳೆ ಕೊರತೆ ಎಷ್ಟು ಅಥವಾ ಸತತ ಮೂರು ನಾಲ್ಕು ವಾರ ಒಣಹವೆ ಇತ್ತಾ ಅಂತ ನೋಡ್ತಾರೆ. ಅದು ದಾಟಿದ್ಮೇಲೆ ಬಿತ್ತನೆ ಎಷ್ಟಾಗಿದೆ, ಉಪಗ್ರಹದಲ್ಲಿ ಹಸಿರು ಎಷ್ಟು ಕಾಣುತ್ತೆ, ಮಣ್ಣಲ್ಲಿ ತೇವ ಎಷ್ಟು, ಕೆರೆ ಅಂತರ್ಜಲ ಹೆಂಗಿದೆ ಅಂತ ನೋಡ್ತಾರೆ. ಕೊನೇಗೆ ತಾಲೂಕಲ್ಲಿ ಶೇ 10ರಷ್ಟು ಹಳ್ಳಿ ಆರಿಸಿ ಕಂದಾಯ, ಕೃಷಿ ಇಲಾಖೆಯೋರು ಜಂಟಿ ಸಮೀಕ್ಷೆ ಮಾಡ್ತಾರೆ. ಇದೆಲ್ಲ ಆದ್ಮೇಲೆ ಸಾಧಾರಣ ಬರ ಅಥವಾ ತೀವ್ರ ಬರ ಅಂತ ತಾಲೂಕಿಗೆ ತಾಲೂಕು ಘೋಷಣೆ. ಕೇಂದ್ರದ ವಿಪತ್ತು ಪರಿಹಾರ ನಿಧಿ (ಎನ್‌ಡಿಆರ್‌ಎಫ್) ದುಡ್ಡು ಬರೋದು ತೀವ್ರ ಅಂದಾಗ ಮಾತ್ರ, ಹಂಗಾಗಿ ಆ ಒಂದು ಪದಕ್ಕೆ ಬಹಳ ಬೆಲೆ ಇದೆ. ಮುಂಗಾರಿನ ಘೋಷಣೆಗೆ ಅಕ್ಟೋಬರ್ 30 ಗಡುವು.

ಈ ಕ್ರಮದಲ್ಲಿ ನಮ್ಮ ಕೈಗೆ ಸಿಗೋದು ಜಂಟಿ ಸಮೀಕ್ಷೆ. 2023ರಲ್ಲಿ ಹಸಿರು ಬರ ಅನ್ನೋ ಮಾತು ಬಂತು ನೆನಪಿದ್ಯಾ, ಆಗಸ್ಟ್ ಪೂರ್ತಿ ಮಳೆ ಇಲ್ಲ, ಸೆಪ್ಟೆಂಬರಲ್ಲಿ ನಾಲ್ಕು ಹನಿ ಬಿದ್ದು ಗಿಡ ಹಸಿರಾಯ್ತು, ಅಕ್ಟೋಬರಲ್ಲಿ ಕೇಂದ್ರ ತಂಡ ಬಂದಾಗ ದೂರದಿಂದ ಹೊಲ ಚೆನ್ನಾಗೇ ಕಾಣ್ತಿತ್ತು. ಹೂ ಬಿಟ್ಟು ಹೂಡು, ಅಂದ್ರೆ ಕಾಯಿ ಕಟ್ಟೋ ಕುಡಿ, ಮಣ್ಣಿಗೆ ಇಳಿಯೋ ಹೊತ್ತಲ್ಲಿ ತೇವ ಇಲ್ಲ ಅಂದ್ರೆ ಕಡ್ಲೆಕಾಯಿ ಮುಗೀತು, ಆಮೇಲೆ ಎಷ್ಟು ಹಸಿರಿದ್ರೂ ಕೆಳಗೆ ಕಾಯಿಲ್ಲ. ಉಪಗ್ರಹಕ್ಕೆ ಎಲೆ ಕಾಣುತ್ತೆ, ಬೇರಿನ ಹತ್ರ ಏನಿದೆ ಕಾಣಲ್ಲ. ಅದಕ್ಕೇ ಸಮೀಕ್ಷೆ ತಂಡ ಬಂದಾಗ ಗಿಡ ಕಿತ್ತು ಮಣ್ಣು ಕೊಡವಿ ತೋರಿಸ್ಬೇಕು. ಎರಡು ಜೊಳ್ಳು ಕಾಯಿ, ಒಂದು ಮೊಗ್ಗು ಬಿಟ್ರೆ ಏನಿಲ್ಲ ಅನ್ನೋದು ಫೋಟೋದಲ್ಲಿ ಬೀಳ್ಬೇಕು, ರಾಗಿ ಆದ್ರೆ ತೆನೆ ಉಜ್ಜಿ ಅಂಗೈ ಮೇಲೆ ಹೊಟ್ಟು ಮಾತ್ರ ಉಳಿಯೋದು ತೋರಿಸಿ. ನಷ್ಟ ಶೇಕಡಾ ಎಷ್ಟು ಅಂತ ಬರ್ಕೊಂಡ್ರು ಅಂತ ಕೇಳಿ. ಶೇ 33 ಅನ್ನೋದು ಗೆರೆ, ಅದಕ್ಕಿಂತ ಕೆಳಗೆ ಬರೆದ್ರೆ ಏನೂ ಇಲ್ಲ.

ತಂಡ ಬರೋವರೆಗೂ ಕಾಯ್ತಾ ಕೂರ್ಬೇಡಿ. ಆಗಸ್ಟಲ್ಲಿ ಎರಡು ವಾರ ಮಳೆ ಹೋದಾಗ್ಲೇ ಗ್ರಾಮ ಪಂಚಾಯ್ತಿ ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ, ಬಿತ್ತನೆ ಯಾವ ವಾರ ಆಯ್ತು, ಕೊನೇ ಒಳ್ಳೆ ಮಳೆ ಯಾವತ್ತು, ಎಷ್ಟು ಬೋರ್‌ವೆಲ್ ನಿಂತಿದೆ, ಟ್ಯಾಂಕರ್ ಯಾವ ಯಾವ ಹಟ್ಟಿಗೆ ಹೋಗ್ತಿದೆ ಅಂತ. ಅದರ ನಕಲು ತಹಸೀಲ್ದಾರ್‌ಗೂ ಡಿಸಿ ಕಚೇರಿಗೂ ಹೋಗ್ಲಿ.

ಪರಿಹಾರ ಎಷ್ಟು ಅಂತಾನೂ ಗೊತ್ತಿರ್ಲಿ, ಇಲ್ಲಾಂದ್ರೆ ಯಾರ್ಯಾರೋ ಏನೇನೋ ಹೇಳ್ತಾರೆ. 2022ರಿಂದ 2026ರ ಅವಧಿಗೆ ರಾಜ್ಯ ವಿಪತ್ತು ಪರಿಹಾರ ನಿಧಿ (ಎಸ್‌ಡಿಆರ್‌ಎಫ್) ಮಾರ್ಗಸೂಚಿ ಪ್ರಕಾರ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಎರಡು ಹೆಕ್ಟೇರ್ ತನಕ ಮಾತ್ರ ಅಂತ ಗೊತ್ತು ಮಾಡಿದ್ರು. ಒಂದು ಎಕರೆಗೆ ಲೆಕ್ಕ ಹಾಕಿದ್ರೆ ಒಣ ಬೇಸಾಯಕ್ಕೆ ಮೂರೂವರೆ ಸಾವಿರಾನೂ ಇಲ್ಲ, ಬಿತ್ತನೆ ಕಡ್ಲೆಕಾಯಿ ಖರ್ಚೂ ಅದ್ರಲ್ಲಿ ಹುಟ್ಟಲ್ಲ. ಇಷ್ಟು ಸಾಕಾಗಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಹಂಗಂತ ಇರೋದನ್ನೂ ಬಿಡೋಕಾಗಲ್ಲ.

ವಿಮೆ

ಫಸಲ್ ಬಿಮಾ 2016ರ ಮುಂಗಾರಿಂದ ಇದೆ, ರೈತರು ಕಟ್ಟೋ ಪ್ರೀಮಿಯಂ ವಿಮಾ ಮೊತ್ತದಲ್ಲಿ ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತೆ ತೋಟಗಾರಿಕೆ ಬೆಳೆಗೆ ಶೇ 5. ನಮ್ಮ ರಾಜ್ಯದಲ್ಲಿ ಸಂರಕ್ಷಣೆ ಪೋರ್ಟಲ್ ಮೂಲಕ ಆಗುತ್ತೆ, ನಿಮ್ಮ ಅರ್ಜಿ ಏನಾಯ್ತು ಅಂತಾನೂ ಅಲ್ಲೇ ನೋಡ್ಬೋದು. ಇಲ್ಲಿ ಜನ ಗೊಂದಲ ಮಾಡ್ಕೊಳೋದು 72 ಗಂಟೆ ವಿಷಯದಲ್ಲಿ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ ಇಂಥ ಸ್ಥಳೀಯ ಹಾನಿ ಆದ್ರೆ, ಅಥವಾ ಕೊಯ್ದು ಒಣಗೋಕೆ ಹಾಕಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕಿದ್ರೆ 72 ಗಂಟೆ ಒಳಗೆ ತಿಳಿಸ್ಬೇಕು, 14447ಗೆ ಫೋನ್ ಮಾಡಿ ದೂರಿನ ನಂಬರ್ ಬರ್ಕೊಳ್ಳಿ. ಬರಕ್ಕೆ ಹಂಗಲ್ಲ. ಬರಕ್ಕೆ ಒಬ್ಬೊಬ್ಬರ ಹೊಲ ನೋಡಲ್ಲ, ಇಡೀ ಪಂಚಾಯ್ತಿದು ಒಂದೇ ಲೆಕ್ಕ, ಸಣ್ಣಪುಟ್ಟ ಬೆಳೆಗೆ ಇಡೀ ಹೋಬಳಿದು.

ಆ ಲೆಕ್ಕ ಬರೋದು ಬೆಳೆ ಕಟಾವು ಪ್ರಯೋಗದಿಂದ. ಮುಖ್ಯ ಬೆಳೆಗೆ ಪಂಚಾಯ್ತಿಗೆ ನಾಲ್ಕು ಪ್ರಯೋಗ. ಯಾವ ಸರ್ವೆ ನಂಬರ್ ಅಂತ ಮೊದಲೇ ಪಟ್ಟಿ ಆಗಿರುತ್ತೆ, ಆ ಹೊಲದಲ್ಲಿ ಎಲ್ಲಿ ಅನ್ನೋದೂ ಕೊಟ್ಟಿರೋ ನಂಬರ್ ಪ್ರಕಾರ ಹೆಜ್ಜೆ ಹಾಕಿ ಗೊತ್ತು ಮಾಡ್ಬೇಕು, ಚೆನ್ನಾಗಿರೋ ಕಡೆ ಅಂತ ಆರಿಸೋ ಹಾಗಿಲ್ಲ. ರಾಗಿ ಭತ್ತಕ್ಕೆ ಐದು ಮೀಟರ್ ಉದ್ದ ಐದು ಮೀಟರ್ ಅಗಲ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ, ಒಳಗಿರೋದನ್ನ ಮಾತ್ರ ಕೊಯ್ದು ಅಲ್ಲೇ ಬಡಿದು ತೂಕ ಹಾಕಿ ಫೋಟೋ ಸಮೇತ ಆ್ಯಪಲ್ಲಿ ಹಾಕ್ತಾರೆ. ನಾಲ್ಕು ಜಾಗದ ಸರಾಸರಿ ಹಿಂದಿನ ವರ್ಷಗಳ ಇಳುವರಿಯಿಂದ ಗೊತ್ತು ಮಾಡಿರೋ ಪ್ರಾರಂಭಿಕ ಇಳುವರಿಗಿಂತ ಎಷ್ಟು ಕಮ್ಮಿ ಬಂತೋ ಅಷ್ಟಕ್ಕೆ ಇಡೀ ಪಂಚಾಯ್ತಿಗೆ ವಿಮೆ. ನಾಲ್ಕೂ ಸೇರಿಸಿದ್ರೆ ಸುಮಾರು ಒಂದು ಗುಂಟೆ ಜಾಗ, ಅದ್ರಲ್ಲಿ ಒಂದು ಬೋರ್‌ವೆಲ್ ನೀರು ಕುಡಿದಿರೋ ಹೊಲ ಆಗಿಬಿಟ್ರೆ ಸಾವಿರಾರು ಎಕರೆ ಲೆಕ್ಕ ತಿರುಗುತ್ತೆ. ಹಂಗಾಗಿ ಪಟ್ಟಿ ಯಾವುದು, ದಿನ ಯಾವತ್ತು ಅಂತ ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಹತ್ರ ಅಥವಾ ಕೃಷಿ ಇಲಾಖೆಯಲ್ಲಿ ಕೇಳ್ಕೊಂಡು ಊರಿನ ನಾಲ್ಕು ಜನ ಅಲ್ಲಿರಿ, ಒಣ ಬೇಸಾಯ ಅಂತ ಪಟ್ಟಿಲಿರೋ ಪ್ರಯೋಗನ ನೀರಾವರಿ ಹೊಲದಲ್ಲಿ ಮಾಡ್ತಿದ್ರೆ ಅಲ್ಲೇ ಹೇಳಿ, ಲಿಖಿತವಾಗಿ ಕೊಡಿ, ವಿಡಿಯೋ ಮಾಡ್ಕೊಳ್ಳಿ, ಜಗಳ ಮಾಡ್ಬೇಡಿ. ಬಿತ್ತನೆನೇ ಆಗ್ಲಿಲ್ಲ ಅಂದ್ರೆ ಅದಕ್ಕೂ ಅವಕಾಶ ಇದೆ, ಪಂಚಾಯ್ತಿಯಲ್ಲಿ ಶೇ 75ಕ್ಕಿಂತ ಹೆಚ್ಚು ಜಾಗ ಬಿತ್ತನೆ ಆಗಿಲ್ಲ ಅಂತ ಅಧಿಸೂಚನೆ ಆದ್ರೆ ವಿಮಾ ಮೊತ್ತದ ಶೇ 25 ಕೊಡ್ಬೇಕು, ಇದನ್ನ ಕೇಳೋರೇ ಕಮ್ಮಿ.

ಗ್ರಾಮ ಸಭೇಲಿ ಏನು ಬರೆಸ್ಬೇಕು

ಇಲ್ಲೀವರೆಗೂ ಹೇಳಿದ್ದು ನಷ್ಟ ಆದ್ಮೇಲಿನ ಮಾತು. ನಷ್ಟ ಆಗದ ಹಾಗೆ ನೋಡ್ಕೊಳ್ಳೋ ಕೆಲಸ ಪಂಚಾಯ್ತಿ ವಾರ್ಷಿಕ ಯೋಜನೇಲಿ ಬರ್ಬೇಕು. ನಮ್ಮಲ್ಲಿ ಇದಕ್ಕೆ ನಮ್ಮ ಗ್ರಾಮ ನಮ್ಮ ಯೋಜನೆ ಅಂತಾರೆ, ಅಕ್ಟೋಬರ್ 2ರಿಂದ ಪ್ರಕ್ರಿಯೆ ಶುರು ಮಾಡ್ತಾರೆ, ಜನವಸತಿ ಸಭೆ ವಾರ್ಡ್ ಸಭೆ ಆಗಿ ಆಮೇಲೆ ಗ್ರಾಮ ಸಭೆ, ಕೊನೇಗೆ ಇ ಗ್ರಾಮ ಸ್ವರಾಜ್ ಪೋರ್ಟಲ್‌ಗೆ ಹಾಕ್ತಾರೆ. ಗ್ರಾಮ ಸಭೇಲಿ ಎದ್ದು ನಿಂತು ಮಾತಾಡಿದ್ರೆ ಚಪ್ಪಾಳೆ ಸಿಗುತ್ತೆ ಅಷ್ಟೇ, ವಾರ್ಡ್ ಸಭೇಲಿ ಬರವಣಿಗೇಲಿ ಕೊಡದೇ ಇದ್ರೆ ಪಟ್ಟಿಗೆ ಸೇರೋದು ಅನುಮಾನ.

ಅರ್ಜೀಲಿ ಹವಾಮಾನ ಬದಲಾವಣೆ ತಡೆಯಿರಿ ಅಂತ ಬರೆದ್ರೆ ಇಂಜಿನಿಯರ್ ಅದಕ್ಕೆ ಎಸ್ಟಿಮೇಟ್ ಹೆಂಗ್ ಹಾಕ್ಬೇಕು ಹೇಳಿ. ಹಿಂಗೆ ಬರೀರಿ: ಸರ್ವೆ ನಂಬರ್ ಇಷ್ಟರಲ್ಲಿರೋ ಗೋಕಟ್ಟೆ ಹೂಳು ತುಂಬಿದೆ, ಕೋಡಿ ಕಲ್ಲು ಕಿತ್ತೋಗಿದೆ, ನೀರು ಬರೋ ಹಳ್ಳ ಮೇಲಿನ ರಸ್ತೆಯಿಂದ ಕಟ್ಟೆ ತನಕ ಬಳ್ಳಾರಿ ಜಾಲಿ ಬೆಳೆದು ಮುಚ್ಚಿದೆ, ಮೂರೂ ಕೆಲಸ ಒಟ್ಟಿಗೆ ತಗೋಬೇಕು, ಕುರಿ ದನ ಇಷ್ಟು ಮನೆಗೆ ಇದೇ ಆಸರೆ. ಮೂರೂ ಒಟ್ಟಿಗೆ ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಹೂಳೆತ್ತೋದು ಬಿಲ್ ಮಾಡೋಕೆ ಸುಲಭ, ಎಲ್ಲಾರೂ ಅದನ್ನೇ ಮಾಡ್ತಾರೆ, ನೀರು ಬರೋ ದಾರಿ ಬಿಡಿಸಲ್ಲ. ದಾರಿ ಒತ್ತುವರಿ ಆಗಿರುತ್ತೆ, ಒತ್ತುವರಿ ಮಾಡ್ದೋರು ಊರಲ್ಲಿ ಎದುರು ಮಾತಾಡೋಕಾಗದ ಜನ ಆಗಿರ್ತಾರೆ. ಆಮೇಲೆ ಒಂದೇ ದಿನಕ್ಕೆ ಎಂಟು ಹತ್ತು ಸೆಂಟಿಮೀಟರ್ ಮಳೆ ಸುರಿದ್ರೂ ಕಟ್ಟೆಗೆ ನೀರಿಲ್ಲ, ಪಕ್ಕದ ಹೊಲ ಕೊಚ್ಕೊಂಡು ಹೋಗಿರುತ್ತೆ. ಈಗಿನ ಮಳೆ ಬರೋದೇ ಹಂಗೆ, ತಿಂಗಳು ಕಾಯ್ಸಿ ಒಂದೇ ರಾತ್ರಿ ಸುರಿಯುತ್ತೆ. ಸರ್ವೆ ಮಾಡಿಸಿ ಹದ್ದುಬಸ್ತು ಗುರುತು ಹಾಕಿ ಅಂತ ಅದೇ ಅರ್ಜೀಲಿ ಸೇರಿಸಿ.

ದುಡ್ಡಿಲ್ಲ ಅಂತಾರೆ. 15ನೇ ಹಣಕಾಸು ಆಯೋಗದ 2021ರಿಂದ 2026ರ ಅನುದಾನದಲ್ಲಿ ಶೇ 60 ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ಕಟ್ಟುಪಾಡಿತ್ತು, ಮಳೆನೀರು ಸಂಗ್ರಹನೂ ಅದ್ರಲ್ಲಿ ಬರ್ತಿತ್ತು. ಅದನ್ನ ಯಾವುದಕ್ಕೆ ಖರ್ಚು ಮಾಡಿದ್ರು ಅಂತ ಕೇಳೋ ಹಕ್ಕು ನಿಮಗಿದೆ, ಮುಂದಿನ ಆಯೋಗದ ಅನುದಾನಕ್ಕೆ ಏನು ಷರತ್ತು ಅಂತಾನೂ ಪಿಡಿಒ ಹತ್ರ ಕೇಳಿ. ಉದ್ಯೋಗ ಖಾತ್ರೀಲಿ ಬದು, ಕೃಷಿ ಹೊಂಡ, ಗೋಕಟ್ಟೆ ಎಲ್ಲಾ ಮಾಡ್ಕೊಂಡು ಬಂದಿದೀವಿ, 2025ರ ಡಿಸೆಂಬರಲ್ಲಿ ನರೇಗಾ ಬದಲಿಗೆ ಹೊಸ ಕಾಯ್ದೆ ಪಾಸಾಗಿರೋದ್ರಿಂದ ಯಾವ ಕೆಲಸ ಯಾವ ಹೆಸರಲ್ಲಿ ತಗೋಬೋದು ಅಂತ ವಿಚಾರಿಸ್ಕೊಂಡೇ ಅರ್ಜಿ ಬರೀರಿ. ಅಟಲ್ ಭೂಜಲ ಯೋಜನೆಗೆ ಸೇರಿದ್ದ 14 ಜಿಲ್ಲೆಗಳ ಪಂಚಾಯ್ತಿ ನಿಮ್ಮದಾಗಿದ್ರೆ ನೀರಿನ ಭದ್ರತಾ ಯೋಜನೆ ಅಂತ ಒಂದು ದಾಖಲೆ ಆಗಲೇ ಮಾಡಿರ್ತಾರೆ, ಬೀರು ಒಳಗಿರುತ್ತೆ, ತೆಗೆಸಿ ನೋಡಿ, ಅದ್ರಲ್ಲಿರೋ ಕೆಲಸನೇ ಎತ್ಕೊಂಡು ಕೇಳಿದ್ರೆ ಇಲ್ಲ ಅನ್ನೋಕೆ ಕಷ್ಟ. ಸಭೆ ಮುಗಿದ ತಕ್ಷಣ ಎದ್ದು ಹೋಗ್ಬೇಡಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ಕೆಲಸ ಬರೆದ್ರಾ ಅಂತ ಓದಿ ಆಮೇಲೆ ಸಹಿ ಹಾಕಿ, ಖಾಲಿ ಹಾಳೆ ಮೇಲೆ ಹಾಜರಾತಿ ಅಂತ ಸಹಿ ಕೇಳಿದ್ರೆ ಹಾಕ್ಬೇಡಿ.

ಉತ್ತರ ಬರದೇ ಇದ್ರೆ ಆರ್‌ಟಿಐ

ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡ್ಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರ್ಬೇಕು, ಇದು ಗೊತ್ತಿಲ್ಲದೆ ಉದ್ದ ಬರೆದು ತಿರಸ್ಕಾರ ಮಾಡಿಸ್ಕೊಂಡೋರು ಬಹಳ. ಯಾಕೆ ಅಂತ ಕೇಳ್ಬೇಡಿ, ಕಾರಣ ಹೇಳೋದು ಅವರ ಕೆಲಸ ಅಲ್ಲ ಅಂತ ಬರುತ್ತೆ. ದಾಖಲೆ ಕೇಳಿ. ಹೀಗೆ ಬರೆದ್ರೆ ಸಾಕು:

"ನಮ್ಮ ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಕಳೆದ ಮುಂಗಾರು ಹಂಗಾಮಿನಲ್ಲಿ ನಡೆಸಿದ ರಾಗಿ ಬೆಳೆ ಕಟಾವು ಪ್ರಯೋಗಗಳಿಗೆ ಸಂಬಂಧಿಸಿದಂತೆ, ಆಯ್ಕೆಯಾದ ಸರ್ವೆ ನಂಬರ್‌ಗಳ ಪಟ್ಟಿ, ಪ್ರಯೋಗ ನಡೆಸಿದ ದಿನಾಂಕ, ದಾಖಲಾದ ತೂಕ ಹಾಗೂ ಹಾಜರಿದ್ದವರ ಸಹಿ ಇರುವ ನಮೂನೆಗಳ ದೃಢೀಕೃತ ನಕಲುಗಳನ್ನು ಒದಗಿಸಬೇಕಾಗಿ ಕೋರುತ್ತೇನೆ."

ಮಳೆ ಮಾಪಕದ್ದಾದ್ರೆ ಬೇರೆ ಅರ್ಜಿ, ಜೂನ್‌ನಿಂದ ಸೆಪ್ಟೆಂಬರ್ ತನಕ ದಿನವಾರು ಮಳೆ ವಿವರ ಮತ್ತೆ ಮಾಪಕ ಕೆಲಸ ಮಾಡದ ದಿನಗಳ ವಿವರ ಕೇಳಿ. ಬೇರೆ ಇಲಾಖೆಗೆ ಸೇರಿದ್ದು ಅಂದ್ರೆ ಐದು ದಿನದಲ್ಲಿ ಅವರೇ ವರ್ಗಾಯಿಸ್ಬೇಕು. 30 ದಿನ ಆದ್ರೂ ಉತ್ತರ ಇಲ್ಲ ಅಂದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕ ಇಲ್ಲ.

ಮಲೆನಾಡು, ಕರಾವಳಿ

ಅಲ್ಲಿ ತೊಂದ್ರೆ ಬೇರೆ. 2018ರ ಆಗಸ್ಟಲ್ಲಿ ಕೊಡಗು, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು. ಗುಡ್ಡ ಕುಸಿಯೋದಕ್ಕೆ ಮಳೆ ಮಾತ್ರ ಕಾರಣ ಅಲ್ಲ, ಬುಡ ಕಡಿದಿದ್ದೂ ಕಾರಣ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಡಿಸಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಜಿಲ್ಲಾ ವಿಪತ್ತು ಯೋಜನೆ ಇರ್ಬೇಕು, ಅದನ್ನ ವರ್ಷಾ ವರ್ಷ ಪರಿಷ್ಕರಿಸ್ಬೇಕು. ಜಿಲ್ಲೆಯ ವೆಬ್‌ಸೈಟಲ್ಲಿ ಹುಡುಕಿ, ನಿಮ್ಮೂರಿನ ಗುಡ್ಡ, ಹಳ್ಳ, ಕಾಳಜಿ ಕೇಂದ್ರ ಮಾಡೋ ಶಾಲೆ ಹೆಸರು ಅದ್ರಲ್ಲಿ ಇದ್ಯಾ ನೋಡಿ. ಬಿರುಕು ಬಿಟ್ಟಿರೋ ಜಾಗ, ಇದ್ದಕ್ಕಿದ್ದಂಗೆ ಕೆಸರು ನೀರು ಬರೋ ಒರತೆ ಇಂಥದ್ದೆಲ್ಲ ಊರೋರಿಗೆ ಮೊದ್ಲು ಕಾಣೋದು, ಏಪ್ರಿಲ್ ಒಳಗೆ ಪಂಚಾಯ್ತಿ ಮೂಲಕ ಡಿಸಿಗೆ ಬರವಣಿಗೇಲಿ ಹೋಗ್ಬೇಕು.

ಗಣಿ, ದೊಡ್ಡ ಕಾರ್ಖಾನೆ ಅಂತ ಪರಿಸರ ಅನುಮತಿ ಬೇಕಿರೋ ಯೋಜನೆ ಬಂದ್ರೆ 2006ರ ಇಐಎ (ಪರಿಸರದ ಮೇಲಾಗೋ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಇರುತ್ತೆ, 30 ದಿನ ಮೊದ್ಲು ನೋಟಿಸ್ ಕೊಡ್ಬೇಕು, ಕನ್ನಡದಲ್ಲಿ ಸಾರಾಂಶ ಸಿಗ್ಬೇಕು. ಬೇಡ ಅಂತ ಕೂಗೋದಕ್ಕಿಂತ ವರದೀಲಿ ಯಾವ ವರ್ಷಗಳ ಮಳೆ ಲೆಕ್ಕ ಹಿಡಿದು ಚರಂಡಿ ಕಟ್ಟೆ ವಿನ್ಯಾಸ ಮಾಡಿದಾರೆ ಅಂತ ಕೇಳಿ, ಹಳೇ ಸರಾಸರಿ ಹಿಡಿದು ಮಾಡಿರೋದೇ ಜಾಸ್ತಿ, ಈಗ ಒಂದೇ ದಿನ ಸುರಿಯೋ ಮಳೆಗೆ ಅದು ತಡೆಯಲ್ಲ. ಹೇಳಿದ್ದು ನಡಾವಳೀಲಿ ಬರ್ಲೇಬೇಕು, ಲಿಖಿತ ಆಕ್ಷೇಪಣೆನೂ ಕೊಟ್ಟು ಬನ್ನಿ.

ಬೆಂಗಳೂರಲ್ಲಿರೋರಿಗೆ, 2023ರ ನವೆಂಬರಲ್ಲಿ ಆಗಿನ ಬಿಬಿಎಂಪಿ ನಗರದ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿದೆ, 2050ಕ್ಕೆ ನೆಟ್ ಝೀರೋ ಅನ್ನೋ ಗುರಿ. ಈಗ ಐದು ಪಾಲಿಕೆ ಆಗಿದೆ, ನಿಮ್ಮ ಪಾಲಿಕೆ ಬಜೆಟಲ್ಲಿ ಆ ಯೋಜನೆಯ ಯಾವ ಕೆಲಸಕ್ಕೆ ಎಷ್ಟು ದುಡ್ಡಿಟ್ಟಿದಾರೆ ಅಂತ ಮೇಲಿನ ಥರಾನೇ ಆರ್‌ಟಿಐ ಹಾಕ್ಬೋದು.

ಕೊನೇದಾಗಿ, ಯಾವುದೇ ಮನವಿ ಬರೆದ್ರೂ ಒಂದು ಸಾಲು ಸೇರಿಸಿ. 2024ರ ಮಾರ್ಚ್ 21ಕ್ಕೆ ಎಂ.ಕೆ. ರಂಜಿತ್‌ಸಿಂಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತವಾಗಿರೋ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಯಲ್ಲಿ ಇದೆ ಅಂತ ಹೇಳಿದೆ. ಕೇಸ್ ಇದ್ದಿದ್ದು ರಾಜಸ್ಥಾನ ಗುಜರಾತಿನ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಮತ್ತೆ ಕರೆಂಟ್ ತಂತಿ ವಿಷಯದ್ದು, ಆದ್ರೆ ಮಾತು ಎಲ್ಲಾರಿಗೂ ಅನ್ವಯ. ಗೋಕಟ್ಟೆ ಅರ್ಜಿಗೆ ಸುಪ್ರೀಂ ಕೋರ್ಟ್ ಯಾಕೆ ಅನ್ಬೇಡಿ, ಆ ಸಾಲು ಇರೋ ಅರ್ಜಿನ ಹಿಂಬರಹ (ಲಿಖಿತ ಉತ್ತರ) ಇಲ್ಲದೆ ಮೂಲೆಗೆ ಹಾಕೋಕೆ ಕೆಳಗಿನ ಅಧಿಕಾರಿ ಸ್ವಲ್ಪ ಯೋಚ್ನೆ ಮಾಡ್ತಾರೆ. ಪ್ರತಿ ಪಿಡಿಒಗೆ, ತಾಲೂಕು ಪಂಚಾಯ್ತಿ ಇಒಗೆ, ತಹಸೀಲ್ದಾರ್‌ಗೆ, ಡಿಸಿಗೆ. ಸ್ವೀಕೃತಿ ಎಲ್ಲಾ ಒಂದೇ ಫೈಲಲ್ಲಿ ಹಾಕಿ, ಫೋನಲ್ಲೂ ಫೋಟೋ ಇಟ್ಕೊಳ್ಳಿ.